ಪಂಚಾಯಿತಿವರೆಗೆ ಬಂದ ಫೈಬರ್ ನಮ್ಮ ಮನೆಗೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಂದು ಸಣ್ಣ ಹಳ್ಳಿ. ಪಂಚಾಯಿತಿ ಕಚೇರಿಗೆ ಫೈಬರ್ ಬಂದು ಏಳೆಂಟು ವರ್ಷ ಆಯಿತು. ಗೋಡೆ ಮೇಲೆ ಪೆಟ್ಟಿಗೆ ಇದೆ, ಆದರೆ ಮುಕ್ಕಾಲು ದಿನ ಅದರಲ್ಲಿ ಕೆಂಪು ದೀಪ. ನಮ್ಮ ಮನೆ ಅಲ್ಲಿಂದ ಎರಡೂವರೆ ಕಿಲೋಮೀಟರ್. ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಮೀಟಿಂಗ್ ಇದ್ದ ದಿನ ಲ್ಯಾಪ್‌ಟಾಪ್ ಹಿಡಿದು ಗುಡ್ಡ ಹತ್ತಬೇಕು. ಹಳ್ಳಿ ಇಂಟರ್‌ನೆಟ್‌ಗೆ ಸರ್ಕಾರ ಲಕ್ಷ ಕೋಟಿಗೂ ಜಾಸ್ತಿ ಕೊಟ್ಟಿದೆ ಎಂದು ಓದಿದೆ. ಆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ನಮ್ಮ ಮನೆಗೆ ಲೈನ್ ಬರಬೇಕಾದರೆ ನಾವೇನು ಮಾಡಬೇಕು?

ಉತ್ತರ: ಮೊದಲು ಆ ಕೆಂಪು ದೀಪದ ವಿಷಯ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಅದರಲ್ಲೇ ಇದೆ.

ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿನುಗುತ್ತಿದ್ದರೆ, ಪೆಟ್ಟಿಗೆಗೆ ಕರೆಂಟ್ ಇದೆ, ಆದರೆ ಫೈಬರ್‌ನಲ್ಲಿ, ಅಂದರೆ ಬೆಳಕಿನ ಮೂಲಕ ಇಂಟರ್‌ನೆಟ್ ಒಯ್ಯುವ ಗಾಜಿನ ಎಳೆಯ ಕೇಬಲ್‌ನಲ್ಲಿ, ಬೆಳಕು ಬರುತ್ತಿಲ್ಲ ಎಂದು ಅರ್ಥ. ಹೆಚ್ಚಾಗಿ ತಾಲೂಕು ಕೇಂದ್ರದಿಂದ ನಿಮ್ಮ ಪಂಚಾಯಿತಿವರೆಗಿನ ದಾರಿಯಲ್ಲಿ ಎಲ್ಲೋ ಕೇಬಲ್ ತುಂಡಾಗಿದೆ, ಇಲ್ಲವೇ ಜೋಡಿಸಿದ ಜಾಗ ಹಾಳಾಗಿದೆ. ಒಂದೂ ದೀಪ ಉರಿಯದಿದ್ದರೆ ಅದು ಕರೆಂಟಿನದ್ದೋ ಬ್ಯಾಟರಿಯದ್ದೋ ತೊಂದರೆ. ಇವೆರಡೂ ಬೇರೆ ಬೇರೆ ರೋಗ, ನೋಡಬೇಕಾದವರೂ ಬೇರೆ. ಕೆಂಪು ದೀಪ ಎಂದು ನೀವು ಸರಿಯಾಗಿ ಗಮನಿಸಿ ಬರೆದಿದ್ದೀರಿ. ಹಾಗಾಗಿ ನಿಮ್ಮಲ್ಲಿ ತುಂಡಾಗಿರುವುದು ಕೇಬಲ್ ಎಂದು ಇಟ್ಟುಕೊಂಡೇ ಮಾತಾಡೋಣ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇದು ನೀವು ನಾವು ಕೊಟ್ಟ ದುಡ್ಡೇ. ದೇಶದ ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ಲೆಕ್ಕಕ್ಕೆ ಬರುವ ಭಾಗದ ನೂರಕ್ಕೆ 5ರಷ್ಟನ್ನು ಒಂದು ನಿಧಿಗೆ ಕಟ್ಟಬೇಕು. ನೀವು ಮೊಬೈಲ್ ರೀಚಾರ್ಜ್ ಮಾಡಿಸಿದಾಗ ಜಿಎಸ್‌ಟಿ ತೆಗೆದು ಉಳಿದ ಮೊತ್ತದಲ್ಲಿ ನೂರು ರೂಪಾಯಿಗೆ ಹೆಚ್ಚು ಕಮ್ಮಿ ಐದು ರೂಪಾಯಿ ಅಲ್ಲಿಗೆ ಹೋಗುತ್ತದೆ. 2002ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. 2003ರಲ್ಲಿ ಟೆಲಿಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕೆ ಕಾನೂನಿನ ಬಲ ಕೊಟ್ಟರು. ಮೊದಲು ಇದನ್ನು ಯುಎಸ್‌ಒ ಫಂಡ್ (ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಶನ್, ಅಂದರೆ ಎಲ್ಲರಿಗೂ ಸೇವೆ ತಲುಪಿಸುವ ಹೊಣೆಯ ನಿಧಿ) ಎನ್ನುತ್ತಿದ್ದರು. 2023ರ ಹೊಸ ಟೆಲಿಕಾಂ ಕಾಯ್ದೆ ಇದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು ಬದಲಿಸಿತು.

ಇದರ ಹಿಂದಿನ ಯೋಚನೆ ಸರಳ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ಕೇಬಲ್ ಎಳೆದರೆ ಇನ್ನೂರು ಮನೆ ಸಿಗುತ್ತದೆ. ಮಲೆನಾಡಿನಲ್ಲಿ ಅದೇ ಕೇಬಲ್ ಎರಡು ಕಿಲೋಮೀಟರ್ ಎಳೆದರೂ ಸಿಗುವುದು ಐದಾರು ಮನೆ. ಲಾಭ ನೋಡುವ ಕಂಪನಿ ತಾನಾಗಿ ಅಲ್ಲಿಗೆ ಬರುವುದಿಲ್ಲ. ಅದಕ್ಕೇ ಎಲ್ಲರ ಬಿಲ್ಲಿನಿಂದ ಸ್ವಲ್ಪ ಸ್ವಲ್ಪ ತೆಗೆದು, ಯಾರೂ ಹೋಗದ ಕಡೆ ಖರ್ಚು ಮಾಡಬೇಕು. ಇದು ದಾನ ಅಲ್ಲ. ಗುಡ್ಡದ ಮೇಲೆ ನಿಂತು ರೀಚಾರ್ಜ್ ಮಾಡುವ ನಿಮ್ಮ ಮಗಳೂ ಇದಕ್ಕೆ ತನ್ನ ಪಾಲು ಕೊಡುತ್ತಿದ್ದಾಳೆ.

ಆದರೆ ವಸೂಲಾದ ದುಡ್ಡು ನೇರವಾಗಿ ಕೇಬಲ್ ಆಗುವುದಿಲ್ಲ. ಮೊದಲು ಕೇಂದ್ರ ಸರ್ಕಾರದ ಖಜಾನೆಗೆ ಹೋಗುತ್ತದೆ. ಪ್ರತಿ ವರ್ಷ ಸಂಸತ್ತು ಬಜೆಟ್‌ನಲ್ಲಿ ಒಪ್ಪಿದಷ್ಟು ಮಾತ್ರ ನಿಧಿಗೆ ಬರುತ್ತದೆ. ಹಾಗಾಗಿ ವಸೂಲಿ ಒಂದು, ಖರ್ಚು ಇನ್ನೊಂದು. ನಡುವೆ ಹತ್ತಾರು ಸಾವಿರ ಕೋಟಿ ರೂಪಾಯಿ ವರ್ಷಗಟ್ಟಲೆ ಖರ್ಚಾಗದೆ ಲೆಕ್ಕದಲ್ಲೇ ಉಳಿದಿತ್ತು. ಹಳ್ಳಿಗೆ ಎಂದು ಎತ್ತಿದ ಹಣ ಹಳ್ಳಿಗೆ ಬರಲು ಇಷ್ಟು ಕಾಲ ಹಿಡಿಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ನಿಮ್ಮ ಪಂಚಾಯಿತಿಯ ಪೆಟ್ಟಿಗೆ ಈ ನಿಧಿಯಿಂದಲೇ ಬಂದದ್ದು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯಬೇಕು, ಒಂದೊಂದಕ್ಕೆ 100 ಎಂಬಿಪಿಎಸ್ ವೇಗದ ಇಂಟರ್‌ನೆಟ್ ಕೊಡಬೇಕು, ಎರಡು ವರ್ಷದಲ್ಲಿ ಮುಗಿಸಬೇಕು. ಅಂದಾಜು ವೆಚ್ಚ 20,000 ಕೋಟಿ. ಆಗ ಇದನ್ನು ನೋಫನ್ (ನ್ಯಾಷನಲ್ ಆಪ್ಟಿಕಲ್ ಫೈಬರ್ ನೆಟ್‌ವರ್ಕ್) ಎಂದು ಕರೆಯುತ್ತಿದ್ದರು, ಆಮೇಲೆ ಭಾರತ್‌ನೆಟ್ ಆಯಿತು. ಮೊದಲ ಒಂದು ಲಕ್ಷ ಪಂಚಾಯಿತಿ ಮುಗಿದದ್ದು 2017ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ವೆಚ್ಚದ ಲೆಕ್ಕ 42,068 ಕೋಟಿಗೆ ಏರಿತ್ತು. ಕರ್ನಾಟಕದ ಹೆಚ್ಚಿನ ಪಂಚಾಯಿತಿಗಳು ಆ ಮೊದಲ ಹಂತದಲ್ಲೇ ಸೇರಿದ್ದವು. ನೀವು ಹೇಳುವ ಏಳೆಂಟು ವರ್ಷಕ್ಕೆ ಇದು ತಾಳೆಯಾಗುತ್ತದೆ, ಅಲ್ವಾ?

ಇಲ್ಲಿಯೇ ಸಮಸ್ಯೆಯ ಬೇರು ಇರುವುದು. ಯೋಜನೆ ಬರೆದಾಗಲೇ ಗುರಿಯನ್ನು ಪಂಚಾಯಿತಿ ಕಚೇರಿಯ ಬಾಗಿಲಿಗೆ ನಿಲ್ಲಿಸಿದ್ದರು. ಅಲ್ಲಿಂದ ಮುಂದೆ ಮನೆ ಮನೆಗೆ ಖಾಸಗಿ ಕಂಪನಿಗಳು, ಕೇಬಲ್ ಟಿವಿಯವರು ಒಯ್ಯುತ್ತಾರೆ ಎಂಬ ನಿರೀಕ್ಷೆ ಇತ್ತು. ಆ ನಿರೀಕ್ಷೆಗೆ ದುಡ್ಡು ಇಟ್ಟಿರಲಿಲ್ಲ. ಹಾಗಾಗಿ ನಿಮ್ಮ ಮನೆಗಿನ ಎರಡೂವರೆ ಕಿಲೋಮೀಟರ್ ಯಾರ ಲೆಕ್ಕದಲ್ಲೂ ಬರಲಿಲ್ಲ. ನಿಮ್ಮ ಪಾಲಿನದ್ದನ್ನು ಯಾರೋ ತಡೆದರು ಎಂದಲ್ಲ. ಅದನ್ನು ಯಾರೂ ಬರೆದುಕೊಂಡೇ ಇರಲಿಲ್ಲ.

ಇನ್ನೊಂದು ಮಾತಿದೆ, ಸರ್ಕಾರಿ ಪಟ್ಟಿಗಳಲ್ಲಿ ಪದೇ ಪದೇ ಬರುತ್ತದೆ: ‘ಸರ್ವಿಸ್ ರೆಡಿ’. ದೇಶದಲ್ಲಿ 2.14 ಲಕ್ಷ ಪಂಚಾಯಿತಿಗಳು ಸರ್ವಿಸ್ ರೆಡಿ ಎಂದು ಓದಿದರೆ ಅಷ್ಟೂ ಕಡೆ ಇಂಟರ್‌ನೆಟ್ ನಡೆಯುತ್ತಿದೆ ಎಂದು ಅನಿಸುತ್ತದೆ. ಕೇಬಲ್ ಹಾಕಿ, ಪೆಟ್ಟಿಗೆ ಕೂರಿಸಿ, ಪರೀಕ್ಷೆ ಮಾಡಿ ಒಪ್ಪಿಸಿದ್ದಾರೆ ಎಂಬುದಷ್ಟೇ ಅದರ ಅರ್ಥ. ಆಮೇಲೆ ಕೇಬಲ್ ತುಂಡಾದರೂ ಆ ಪಟ್ಟಿಯಲ್ಲಿ ಪಂಚಾಯಿತಿಯ ಹೆಸರು ಉಳಿಯುತ್ತದೆ. ನಿಮ್ಮ ಕೆಂಪು ದೀಪದ ಪಂಚಾಯಿತಿಯೂ ಅದರಲ್ಲಿ ಇರಬಹುದು.

ಕೇಬಲ್ ಯಾಕೆ ಇಷ್ಟು ಬೇಗ ಬೇಗ ತುಂಡಾಗುತ್ತದೆ? ರಸ್ತೆ ಅಗಲ ಮಾಡುವಾಗ ಜೆಸಿಬಿ ಬರುತ್ತದೆ. ಜಲ ಜೀವನ್ ಮಿಷನ್ ಪೈಪ್ ಹಾಕಲು ರಸ್ತೆ ಅಂಚನ್ನೇ ಅಗೆಯುತ್ತಾರೆ, ಫೈಬರ್ ಇರುವುದೂ ಅದೇ ಅಂಚಿನಲ್ಲಿ. ನಿಮ್ಮ ಕಡೆ ಮಳೆಗಾಲದಲ್ಲಿ ಧರೆ ಕುಸಿಯುತ್ತದೆ. ಕಂಬದ ಮೇಲೆ ಎಳೆದದ್ದಾದರೆ ಮರ ಬೀಳುತ್ತದೆ, ಮಂಗ ಎಳೆಯುತ್ತದೆ. ಇವನ್ನೆಲ್ಲ ತಪ್ಪಿಸಲು ಆಗುವುದಿಲ್ಲ. ಆದರೆ ಒಂದು ಕಡೆ ತುಂಡಾದರೆ ಹತ್ತು ಪಂಚಾಯಿತಿ ಕತ್ತಲಾಗುವುದನ್ನು ತಪ್ಪಿಸಬಹುದಿತ್ತು.

ಮೊದಲ ಹಂತದಲ್ಲಿ ಕೇಬಲನ್ನು ಮರದ ಕೊಂಬೆಯ ಹಾಗೆ ಎಳೆದರು. ತಾಲೂಕು ಕೇಂದ್ರ ಬುಡ, ಪಂಚಾಯಿತಿಗಳು ರೆಂಬೆಯ ತುದಿ. ದುಡ್ಡು ಉಳಿಸಲು ಬುಡದ ಕಡೆಗೆ ಬಿಎಸ್‌ಎನ್‌ಎಲ್‌ನ ಹಳೆಯ ಫೈಬರನ್ನೇ ಬಳಸಿ, ತುದಿಯ ಕೆಲವು ಕಿಲೋಮೀಟರ್ ಮಾತ್ರ ಹೊಸದಾಗಿ ಹಾಕಿದರು. ಕೊಂಬೆ ಮುರಿದರೆ ಅದರ ಮುಂದಿನದ್ದೆಲ್ಲ ಹೋಯಿತು. ಹಳೆಯ ಕೇಬಲ್ ಹಾಳಾದರೆ ಹೊಸದು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಉಂಗುರದ ಹಾಗೆ ಸುತ್ತು ಹಾಕಿದ್ದರೆ ಒಂದು ಕಡೆ ತುಂಡಾದರೂ ಇನ್ನೊಂದು ಬದಿಯಿಂದ ಸಂಪರ್ಕ ಸಿಗುತ್ತಿತ್ತು. 2015ರ ಮಾರ್ಚ್‌ನಲ್ಲಿ, ಈ ಯೋಜನೆಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಜೆ. ಸತ್ಯನಾರಾಯಣ ನೇತೃತ್ವದ ಸಮಿತಿ ಇದನ್ನೇ ಹೇಳಿತ್ತು. ಉಂಗುರ ಮಾಡಿ, ಅದಕ್ಕೆ 72,778 ಕೋಟಿ ಬೇಕಾಗುತ್ತದೆ ಎಂದು ಲೆಕ್ಕವನ್ನೂ ಕೊಟ್ಟಿತ್ತು. ಮೊತ್ತ ದೊಡ್ಡದಾಗಿ ಕಂಡಿತು. ಅದರ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚಿನ ಹಣದಲ್ಲಿ ಶುರುವಾದ ಕೆಲಸವನ್ನು ಎಂಟು ವರ್ಷ ತೇಪೆ ಹಾಕುತ್ತಾ ನಡೆಸಿದರು.

ನಡುವೆ ಇನ್ನೊಂದು ಪ್ರಯತ್ನ ಆಯಿತು. 2021ರ ಜೂನ್ 30ರಂದು ಸಂಪುಟ 16 ರಾಜ್ಯಗಳಲ್ಲಿ ಖಾಸಗಿ ಪಾಲುದಾರಿಕೆಗೆ ಒಪ್ಪಿತು. ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ನಷ್ಟ ತುಂಬಿಕೊಡಲು ಸರ್ಕಾರ 19,041 ಕೋಟಿ ರೂಪಾಯಿ ಕೊಡುತ್ತೇನೆ ಎಂದಿತು. ಟೆಂಡರ್ ಕರೆದರೆ ಬಿಡ್ ಹಾಕಲು ಯಾರೂ ಮುಂದೆ ಬರಲಿಲ್ಲ. ಬೇರೆಯವರು ಹಾಕಿದ, ಎಲ್ಲೆಲ್ಲಿ ಹಾಳಾಗಿದೆ ಎಂದು ಪೂರ್ತಿ ಗೊತ್ತಿಲ್ಲದ ಜಾಲವನ್ನು ಮೈಮೇಲೆ ಹಾಕಿಕೊಂಡು ಮೂವತ್ತು ವರ್ಷ ನಡೆಸಲು ಯಾವ ಕಂಪನಿಗೂ ಧೈರ್ಯ ಬರದಿದ್ದದ್ದು ನನಗೆ ಆಶ್ಚರ್ಯ ತರಲಿಲ್ಲ. ಮರುವರ್ಷ ಭಾರತ್‌ನೆಟ್ ನೋಡಿಕೊಳ್ಳುತ್ತಿದ್ದ ಬಿಬಿಎನ್‌ಎಲ್ ಎಂಬ ಕಂಪನಿಯನ್ನೇ ಬಿಎಸ್‌ಎನ್‌ಎಲ್‌ನಲ್ಲಿ ಸೇರಿಸಲು ತೀರ್ಮಾನಿಸಿದರು.

ನೀವು ಓದಿದ ಲಕ್ಷ ಕೋಟಿಯ ಸುದ್ದಿ ಇದರ ಮುಂದಿನದು. 2023ರ ಆಗಸ್ಟ್ 4ರಂದು ತಿದ್ದುಪಡಿ ಮಾಡಿದ ಭಾರತ್‌ನೆಟ್‌ಗೆ ಒಪ್ಪಿಗೆ ಸಿಕ್ಕಿತು. ಮೊತ್ತ 1,39,579 ಕೋಟಿ ರೂಪಾಯಿ. ಇದು ಒಂದು ವರ್ಷದ ಖರ್ಚಲ್ಲ, ಹತ್ತು ವರ್ಷದ ದುರಸ್ತಿ ಮತ್ತು ನಿರ್ವಹಣೆಯೂ ಸೇರಿದ ಲೆಕ್ಕ. ಗುರಿ 2.64 ಲಕ್ಷ ಪಂಚಾಯಿತಿ. ಭಾಗಿಸಿ ನೋಡಿದರೆ ಒಂದು ಪಂಚಾಯಿತಿಗೆ ಸುಮಾರು 53 ಲಕ್ಷ ರೂಪಾಯಿ ಬೀಳುತ್ತದೆ. ಹಳೆಯ 42,068 ಕೋಟಿಯನ್ನು ಎರಡೂವರೆ ಲಕ್ಷಕ್ಕೆ ಹಂಚಿದರೆ ಬರುತ್ತಿದ್ದದ್ದು 17 ಲಕ್ಷದ ಒಳಗೆ.

ಹೊಸದರಲ್ಲಿ ಮೂರು ವಿಷಯ ನಿಮಗೆ ಮುಖ್ಯ. ಒಂದು, ಉಂಗುರ. ಎಂಟು ವರ್ಷ ತಡವಾಗಿಯಾದರೂ ಆ ಸಲಹೆ ಒಳಗೆ ಬಂದಿದೆ. ಎರಡು, ಪಂಚಾಯಿತಿ ಕೇಂದ್ರ ಅಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೆ ಬೇಡಿಕೆ ಬಂದರೆ ಫೈಬರ್ ಕೊಡುತ್ತಾರೆ. ಐದು ವರ್ಷದಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ ಕೊಡುವ ಗುರಿಯೂ ಇದೆ. ಮೊದಲ ಬಾರಿಗೆ ‘ಮನೆ’ ಎಂಬ ಮಾತು ಲೆಕ್ಕಕ್ಕೆ ಬಂದಿದೆ. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಗುತ್ತಿಗೆದಾರರು ಕೇಬಲ್ ಹಾಕಿ ಹೋಗುವಂತಿಲ್ಲ. ಹತ್ತು ವರ್ಷ ಅವರೇ ನೋಡಿಕೊಳ್ಳಬೇಕು. ನಿರ್ವಹಣೆಯ ಹಣ ಜಾಲ ಎಷ್ಟು ಹೊತ್ತು ನಡೆಯಿತು ಎಂಬುದನ್ನು ನೋಡಿ ಕೊಡುತ್ತಾರೆ. ಮೊದಲು ಎಷ್ಟು ಕಿಲೋಮೀಟರ್ ಹಾಕಿದರು ಎಂದು ಎಣಿಸುತ್ತಿದ್ದೆವು. ಈಗ ದೀಪ ಎಷ್ಟು ಗಂಟೆ ಹಸಿರಾಗಿತ್ತು ಎಂದು ಎಣಿಸಬೇಕು. ಕರ್ನಾಟಕ, ಗೋವಾ, ಪುದುಚೇರಿ ಸೇರಿಸಿ ಒಂದೇ ಪ್ಯಾಕೇಜ್ ಮಾಡಿದ್ದಾರೆ. ಮೇಲ್ವಿಚಾರಣೆ ಬಿಎಸ್‌ಎನ್‌ಎಲ್‌ನದು.

ನಾನು ಸುಮ್ನೆ ಆಸೆ ಹುಟ್ಟಿಸಲಾರೆ. ಒಂದೂವರೆ ಕೋಟಿ ಮನೆಯ ಗುರಿ ದೊಡ್ಡದು. 2025ರಲ್ಲಿ ಭಾರತ್‌ನೆಟ್ ಮೂಲಕ ಮನೆಗಳಿಗೆ ಸಿಕ್ಕ ಸಂಪರ್ಕ ಹದಿನೈದು ಲಕ್ಷವನ್ನೂ ಮುಟ್ಟಿರಲಿಲ್ಲ. ಹತ್ತು ಪಟ್ಟು ಆಗಬೇಕು. ಅದು ತಾನಾಗಿ ಆಗುವುದಿಲ್ಲ, ಕೇಳುವವರ ಕಡೆ ಮೊದಲು ಹೋಗುತ್ತದೆ.

ಅಮೆರಿಕದಲ್ಲಿರುವ ನಮ್ಮವರು ಕೆಲವರು ನನ್ನನ್ನು ಕೇಳುತ್ತಾರೆ, ಅಲ್ಲಿ ಹೀಗೆ ಇಲ್ಲವಲ್ಲ ಎಂದು. ಅಲ್ಲೂ ಇದೆ. 2021ರ ನವೆಂಬರ್‌ನಲ್ಲಿ ಅಲ್ಲಿಯ ಸರ್ಕಾರ ಬೀಡ್ ಎಂಬ ಯೋಜನೆಗೆ 4,245 ಕೋಟಿ ಡಾಲರ್ ಇಟ್ಟಿತು. ಯಾವ ಮನೆಗೆ ಸಂಪರ್ಕ ಇಲ್ಲ ಎಂದು ನಕ್ಷೆ ಮಾಡಿ, ರಾಜ್ಯಗಳಿಗೆ ಹಂಚಿ, ನಿಯಮ ಬರೆಯುವುದರಲ್ಲೇ ವರ್ಷಗಳು ಹೋದವು. ಆದರೆ ಅವರು ಇನ್ನೊಂದು ಕೆಲಸ ಮಾಡಿದ್ದರು. ಬಡ ಮನೆಗಳ ಇಂಟರ್‌ನೆಟ್ ಬಿಲ್ಲಿಗೆ ತಿಂಗಳಿಗೆ 30 ಡಾಲರ್‌ವರೆಗೆ ನೆರವು ಕೊಡುತ್ತಿದ್ದರು. ಸುಮಾರು 2.3 ಕೋಟಿ ಮನೆಗಳು ಅದನ್ನು ಪಡೆದವು. ಹಣ ಮುಗಿದು 2024ರ ಜೂನ್‌ನಲ್ಲಿ ಅದು ನಿಂತಿತು. ನಮ್ಮಲ್ಲಿ ಕೇಬಲ್‌ಗೆ ದುಡ್ಡು ಇದೆ, ಬಿಲ್ಲಿಗೆ ಇಲ್ಲ. ಕೂಲಿ ಮಾಡುವ ಮನೆಗೆ ತಿಂಗಳ ನಾಲ್ಕು ನೂರು ರೂಪಾಯಿ ಭಾರವೇ. ಕೇಬಲ್ ಬಂದಮೇಲೆ ನಾವು ಮಾತಾಡಬೇಕಾದ ಮುಂದಿನ ವಿಷಯ ಇದು.

ಇನ್ನು ನೀವೇನು ಮಾಡಬಹುದು ಎಂಬುದಕ್ಕೆ ಬರುತ್ತೇನೆ.

ಮೊದಲು ಪಂಚಾಯಿತಿಯ ದೀಪ ಹಸಿರಾಗಬೇಕು. ಅದು ಸರಿಯಾಗದೆ ನಿಮ್ಮ ಮನೆ ಮಾತೇ ಇಲ್ಲ. ಪಿಡಿಒ ಅವರನ್ನು ಭೇಟಿ ಮಾಡಿ. ಈ ಪೆಟ್ಟಿಗೆ ಕೆಟ್ಟಿದೆ ಎಂದು ದೂರು ಕೊಟ್ಟಿದ್ದೀರಾ, ದೂರಿನ ಸಂಖ್ಯೆ ಏನು ಎಂದು ಕೇಳಿ. ತುಂಬಾ ಕಡೆ ದೂರೇ ದಾಖಲಾಗಿರುವುದಿಲ್ಲ. ಇ-ಸ್ವತ್ತು, ನರೇಗಾ ಹಾಜರಿ, ಬಾಪೂಜಿ ಸೇವಾ ಕೇಂದ್ರ ಇವೆಲ್ಲ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹೇಗೋ ನಡೆಯುತ್ತಿರುತ್ತವೆ. ಸಿಬ್ಬಂದಿಯ ತಪ್ಪು ಎಂದು ನಾನು ಹೇಳುವುದಿಲ್ಲ, ಅವರಿಗೆ ಅವತ್ತಿನ ಕೆಲಸ ಮುಗಿಯಬೇಕು. ಆದರೆ ದೂರು ಇಲ್ಲದಿದ್ದರೆ ಮೇಲಿನವರ ಲೆಕ್ಕದಲ್ಲಿ ಎಲ್ಲ ಸರಿ ಇದ್ದಂತೆ. ಒಂದು ನೋಟ್‌ಬುಕ್ ಇಟ್ಟು ತಿಂಗಳ ಕಾಲ ಬೆಳಿಗ್ಗೆ ಸಂಜೆ ದೀಪದ ಬಣ್ಣ ಬರೆಯಲು ಅಲ್ಲಿನ ಗ್ರಂಥಪಾಲಕರನ್ನೋ ಸಿಬ್ಬಂದಿಯನ್ನೋ ಕೇಳಿಕೊಳ್ಳಿ. ಆ ಒಂದು ಪುಟ ಹತ್ತು ಮನವಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಬಿಎಸ್‌ಎನ್‌ಎಲ್ ಕೇಂದ್ರದ ಸಂಸ್ಥೆ, ಶುಲ್ಕ 10 ರೂಪಾಯಿ. ಪ್ರಶ್ನೆ ಚಿಕ್ಕದಾಗಿರಲಿ: ನಮ್ಮ ಗ್ರಾಮ ಪಂಚಾಯಿತಿಯ ಭಾರತ್‌ನೆಟ್ ಸಂಪರ್ಕ ಕಳೆದ ಹನ್ನೆರಡು ತಿಂಗಳಲ್ಲಿ ತಿಂಗಳುವಾರು ಎಷ್ಟು ಗಂಟೆ ಚಾಲ್ತಿಯಲ್ಲಿತ್ತು? ಹೊಸ ಉಂಗುರದ ಕೆಲಸ ನಮ್ಮ ತಾಲೂಕಿನಲ್ಲಿ ಯಾವಾಗ? ‘ಯಾಕೆ’ ಎಂದು ಕೇಳಬೇಡಿ. ದಾಖಲೆಯಲ್ಲಿ ಇರುವುದನ್ನು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಇದರ ಜೊತೆಗೇ ನಿಮ್ಮ ಮನೆಯ ದಾರಿ ನೋಡಿ. ಎರಡೂವರೆ ಕಿಲೋಮೀಟರ್ ಫೈಬರ್‌ಗೆ ದೂರವೇ ಅಲ್ಲ. ಹಳೆಯ ತಾಮ್ರದ ಟೆಲಿಫೋನ್ ತಂತಿಯಲ್ಲಿ ಅಷ್ಟು ದೂರಕ್ಕೆ ವೇಗ ಬಿದ್ದುಹೋಗುತ್ತಿತ್ತು, ಫೈಬರ್‌ನಲ್ಲಿ ಹಾಗಿಲ್ಲ. ತೊಡಕು ಇರುವುದು ಮನೆಗಳ ಸಂಖ್ಯೆಯಲ್ಲಿ. ನೀವೊಬ್ಬರೇ ಕೇಳಿದರೆ ಯಾರೂ ಎಳೆಯುವುದಿಲ್ಲ. ದಾರಿಯುದ್ದಕ್ಕೂ ಇರುವ ಮನೆಗಳಿಗೆ ಹೋಗಿ, ಯಾರು ಯಾರು ಸಂಪರ್ಕ ತೆಗೆದುಕೊಳ್ಳುತ್ತಾರೆ, ತಿಂಗಳಿಗೆ ಎಷ್ಟು ಕೊಡಬಲ್ಲರು ಎಂದು ಹೆಸರು, ಸಹಿ ಸಮೇತ ಬರೆಸಿಕೊಳ್ಳಿ. ಶಾಲೆ, ಅಂಗನವಾಡಿ, ಹಾಲಿನ ಡೇರಿ, ಸೊಸೈಟಿ ಇವನ್ನು ಬಿಡಬೇಡಿ. ಹದಿನೈದು ಇಪ್ಪತ್ತು ಸಹಿ ಆದರೆ ಅದು ನಿಜವಾದ ಬೇಡಿಕೆ. ಗ್ರಾಮಸಭೆಯಲ್ಲಿ ಇಟ್ಟು ನಿರ್ಣಯ ಮಾಡಿಸಿ, ಪ್ರತಿಯನ್ನು ತಾಲೂಕಿನ ಬಿಎಸ್‌ಎನ್‌ಎಲ್ ಕಚೇರಿಗೆ, ಜಿಲ್ಲಾ ಪಂಚಾಯಿತಿಗೆ ಕೊಡಿ. ಬೇಡಿಕೆ ಬಂದರೆ ಹಳ್ಳಿಗೆ ಫೈಬರ್ ಎಂದು ಯೋಜನೆಯೇ ಹೇಳುವಾಗ, ಆ ಬೇಡಿಕೆ ಕಾಗದದಲ್ಲಿ ಇರಬೇಕು.

ಕೇಬಲ್ ಎಳೆಯುವವರು ಯಾರು? ನಿಮ್ಮ ಊರಿಗೆ ಟಿವಿ ಕೇಬಲ್ ಕೊಡುತ್ತಿದ್ದ ಹುಡುಗ ಇದ್ದರೆ ಅವನನ್ನು ಹಿಡಿಯಿರಿ. ಬಿಎಸ್‌ಎನ್‌ಎಲ್ ಇಂಥವರನ್ನು ‘ಉದ್ಯಮಿ’ ಎಂಬ ಹೆಸರಿನಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳುತ್ತದೆ. ಮನೆ ಸಂಪರ್ಕದ ಆದಾಯದಲ್ಲಿ ಅರ್ಧ ಅವರಿಗೆ. ನನ್ನ ಅನುಭವದಲ್ಲಿ, ಊರಿನವನೇ ಒಬ್ಬ ಪಾಲುದಾರ ಇದ್ದ ಕಡೆ ದುರಸ್ತಿ ಬೇಗ ಆಗುತ್ತದೆ. ರಾತ್ರಿ ಮರ ಬಿದ್ದರೆ ಬೆಳಿಗ್ಗೆ ಏಣಿ ಹಿಡಿದು ಬರುವವನು ಅವನೇ. ತೋಟದ ಮೇಲೆ ಹಾದುಹೋಗುವ ಕಡೆ ಅಡಿಕೆ ಮರಕ್ಕೆ ಕಟ್ಟಲು ಬಿಡಬೇಡಿ, ಗಾಳಿಗೆ ಓಲಾಡಿ ಫೈಬರ್ ಒಳಗೇ ಮುರಿಯುತ್ತದೆ. ಮೆಸ್ಕಾಂ ಕಂಬ ಬಳಸಬೇಕಾದರೆ ಅನುಮತಿ ಬೇಕು. ಕಾಡಿನ ಜಾಗ ದಾಟಬೇಕಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಈ ಎರಡಕ್ಕೂ ಪಂಚಾಯಿತಿ ನಿರ್ಣಯದ ಪ್ರತಿ ಜೊತೆಗಿದ್ದರೆ ಕೆಲಸ ಸ್ವಲ್ಪ ಸಲೀಸು.

ಅಗೆಯುವ ವಿಷಯದಲ್ಲೂ ಪಂಚಾಯಿತಿ ಎಚ್ಚರ ಇರಬೇಕು. ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ 2023ರ ಮಾರ್ಚ್‌ನಿಂದ ಇದೆ. ಜೆಸಿಬಿ ಇಳಿಸುವ ಮೊದಲು ಗುತ್ತಿಗೆದಾರ ಅದರಲ್ಲಿ ತಿಳಿಸಿದರೆ ಕೇಬಲ್‌ನವರಿಗೆ ಸುದ್ದಿ ಹೋಗುತ್ತದೆ. ಪೈಪ್ ಕೆಲಸಕ್ಕೆ ಒಪ್ಪಿಗೆ ಕೊಡುವಾಗಲೇ ಪಂಚಾಯಿತಿ ಇದನ್ನು ಷರತ್ತಾಗಿ ಬರೆಯಬಹುದು.

ಇದೆಲ್ಲ ಆಗಲು ತಿಂಗಳುಗಳು ಬೇಕು. ಅಲ್ಲಿವರೆಗೆ ಮಗಳ ಮೀಟಿಂಗ್‌ಗೆ ಒಂದು ದಾರಿ ಇದೆ. ಗುಡ್ಡದ ಮೇಲೆ 4ಜಿ ಸಿಗುತ್ತದೆ ಎಂದರೆ ಟವರ್ ತೀರಾ ದೂರ ಇಲ್ಲ. ಸಿಮ್ ಹಾಕುವ 4ಜಿ ರೌಟರ್‌ಗೆ ಹೊರಗಿನ ಆಂಟೆನಾ ಜೋಡಿಸಿ, ಮನೆಯ ಮಾಡಿನ ಎತ್ತರದ ಜಾಗದಲ್ಲಿ ಟವರ್ ಕಡೆ ತಿರುಗಿಸಿ ನೋಡಿ. ಕೊಳ್ಳುವ ಮೊದಲು ಮಾಡಿನ ಮೇಲೆ ಫೋನ್ ಹಿಡಿದು ಒಂದು ಕಡ್ಡಿಯಾದರೂ ಬರುತ್ತದಾ ಎಂದು ಪರೀಕ್ಷಿಸಿ. ಏನೂ ಬರದಿದ್ದರೆ ಆಂಟೆನಾಕ್ಕೆ ದುಡ್ಡು ಹಾಕಬೇಡಿ. ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 2022ರ ಜುಲೈನಲ್ಲಿ 26,316 ಕೋಟಿಯ ಯೋಜನೆ ಒಪ್ಪಿದ್ದಾರೆ. ದುಡ್ಡು ಇದೇ ನಿಧಿಯದು. ನಿಮ್ಮ ಹಳ್ಳಿ ಆ ಪಟ್ಟಿಯಲ್ಲಿ ಇದೆಯೇ ಎಂಬುದನ್ನೂ ಮಾಹಿತಿ ಹಕ್ಕಿನ ಅದೇ ಅರ್ಜಿಯಲ್ಲಿ ಸೇರಿಸಿ.

ನಿಮ್ಮ ಕಡೆಯವರು ಕೇಳಲು ಹೊಸಬರಲ್ಲ. ಕೊರೊನಾ ಕಾಲದಲ್ಲಿ ಮಕ್ಕಳು ಗುಡ್ಡದ ಮೇಲೆ ಕೊಡೆ ಹಿಡಿದು ಪಾಠ ಕೇಳಿದರು. ಆಗ ಮಲೆನಾಡಿನ ಹಳ್ಳಿಗಳು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಹಟ ಹಿಡಿದಿದ್ದವು. ಅದರಿಂದ ವಿಷಯ ಬೆಂಗಳೂರಿಗೂ ದೆಹಲಿಗೂ ತಲುಪಿತು. ಈಗ ಬೇಕಾಗಿರುವುದು ಸಹಿಯ ಪಟ್ಟಿ ಮತ್ತು ದೀಪದ ಲೆಕ್ಕದ ಪುಟ. ಸಾಧ್ಯವಾದರೆ ಎರಡನ್ನೂ ಮೇ ತಿಂಗಳ ಒಳಗೆ ಮುಗಿಸಿ. ಮಳೆ ಹಿಡಿದಮೇಲೆ ನಿಮ್ಮ ಕಡೆ ಸೆಪ್ಟೆಂಬರ್‌ವರೆಗೆ ಯಾರೂ ಕೇಬಲ್‌ಗೆ ಗುಂಡಿ ತೋಡುವುದಿಲ್ಲ.